ಪೂಜೆಯೂ ಪಂಕ್ತಿಯೂ

ಧರ್ಮವನ್ನು ಶಾಸ್ತ್ರದೃಷ್ಟಿಯಿಂದ ಪರೀಕ್ಷಿಸುವುದೆಂದರೆ ದೇವರಿಲ್ಲವೆಂದು ವಾದಿಸುವುದೆಂಬ ಶಂಕೆ ನಮ್ಮಲ್ಲಿ ಅನೇಕರಿಗುಂಟು. ಅದು ಹಾಗಲ್ಲ. ದೇವರಿದ್ದಾನೆಯೇ ಎಂಬುದು ಸಮಾಜಶಾಸ್ತ್ರಜ್ಞನ ಪ್ರಶ್ನೆಯೇ ಅಲ್ಲ. ಪೂಜೆಯು ಪೂಜಿಸುವವರನ್ನು ಪರಸ್ಪರ ಹೇಗೆ ಸೇರಿಸುತ್ತದೆ, ಹೇಗೆ ಬೇರ್ಪಡಿಸುತ್ತದೆ ಎಂಬುದನ್ನು ಅವನು ವಿಚಾರಿಸುತ್ತಾನೆ.

ಫ್ರಾನ್ಸಿನ ದುರ್ಖೈಮರು 1912ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಪವಿತ್ರವೆನಿಸಿದ ವಸ್ತುವಿನ ಸುತ್ತ ನೆರೆದ ಜನ ಒಂದೇ ಸಮುದಾಯವಾಗುತ್ತಾರೆಂದು ಪ್ರತಿಪಾದಿಸಿದರು. ಮೈಸೂರಿನಲ್ಲಿ 1916ರಲ್ಲಿ ಜನಿಸಿದ ಎಂ. ಎನ್. ಶ್ರೀನಿವಾಸರು ಈ ವಿಚಾರದ ಬೆಳಕಿನಲ್ಲಿ ಕೊಡಗನ್ನು ನೋಡಿದರು. ಕೊಡವರ ಧರ್ಮವನ್ನೂ ಸಮಾಜವನ್ನೂ ಕುರಿತ ಅವರ ಗ್ರಂಥ 1952ರಲ್ಲಿ ಹೊರಬಂದಿತು. ಅದೇ ಶ್ರೀನಿವಾಸರು 1959ರಲ್ಲಿ ನಮ್ಮ ದೆಹಲಿಗೆ ಬಂದು, ಇಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಸಮಾಜಶಾಸ್ತ್ರ ವಿಭಾಗವನ್ನು ಸ್ಥಾಪಿಸಿದರು.

ಕೊಡಗಿನಲ್ಲಿ ಅವರು ಕಂಡದ್ದೇನು? ಹುತ್ತರಿಯಂದು ಹೊಸ ತೆನೆ ಮನೆಗೆ ಬರುವಾಗ ಒಕ್ಕದವರೆಲ್ಲರೂ ಐನ್‌ಮನೆಯಲ್ಲಿ ಕೂಡುತ್ತಾರೆ. ದೀಪದ ಮುಂದೆ ಹಿರಿಯರನ್ನು ಸ್ಮರಿಸುವಾಗ, ತಾವು ಒಂದೇ ಒಕ್ಕವೆಂಬ ಭಾವನೆ ಅವರಲ್ಲಿ ಹೊಸದಾಗುತ್ತದೆ. ಊರ ದೇವರ ಉತ್ಸವದಲ್ಲಾದರೋ ಹಲವು ಜಾತಿಗಳಿಗೂ ಒಂದೊಂದು ಕೆಲಸವುಂಟು. ಆದರೆ ಆ ಕೆಲಸವೇ ಅವರವರ ಸ್ಥಾನವನ್ನೂ ಸೂಚಿಸುತ್ತದೆ. ಕೂಡಿಸುವ ಹಬ್ಬವೇ ಮೇಲುಕೀಳನ್ನೂ ಎತ್ತಿ ತೋರಿಸುತ್ತದೆ!

ಈ ಮೇಲುಕೀಳು ಕಲ್ಲಿನಲ್ಲಿ ಕೆತ್ತಿದ್ದಲ್ಲವೆಂಬುದನ್ನೂ ಅವರು ಗಮನಿಸಿದರು. ಕೆಳಗಿನದೆನಿಸಿಕೊಂಡ ಜಾತಿಯವರು ಮದ್ಯಮಾಂಸಗಳನ್ನು ತ್ಯಜಿಸಿ, ಮೇಲಿನವರ ಆಚಾರಗಳನ್ನು ಕೈಕೊಂಡು, ಒಂದೆರಡು ತಲೆಮಾರುಗಳಲ್ಲಿ ಮೇಲೇರಲು ಯತ್ನಿಸುವುದನ್ನು ‘ಸಂಸ್ಕೃತೀಕರಣ’ವೆಂದು ಕರೆದರು. ಏರುವವರಿದ್ದರೂ ಏಣಿ ಮಾತ್ರ ಹಾಗೆಯೇ ಉಳಿಯುತ್ತದೆಂಬುದನ್ನು ನಾವು ಮರೆಯಬಾರದು.

ಊರು ಬಿಟ್ಟು ಬಂದ ನಮಗೆ ಇಲ್ಲಿ ಐನ್‌ಮನೆಯೂ ಇಲ್ಲ, ಗ್ರಾಮದೇವತೆಯೂ ಇಲ್ಲ. ಬಾಡಿಗೆಯ ಸಭಾಂಗಣದಲ್ಲಿ ಗಣೇಶನನ್ನು ಕೂರಿಸಿದಾಗಲೇ ನಾವು ಕನ್ನಡಿಗರೆಲ್ಲ ಒಂದೆನಿಸುವುದು. ಆದ್ದರಿಂದಲೇ ಆ ಹಬ್ಬವನ್ನು ಶ್ರೀನಿವಾಸರ ಕಣ್ಣಿನಿಂದ ಒಮ್ಮೆ ನೋಡುವುದು ಲೇಸು. ಅಡಿಗೆ ಮಾಡಿದವರಾರು? ಮೊದಲ ಪಂಕ್ತಿಯಲ್ಲಿ ಕುಳಿತವರಾರು? ಎಲೆ ಎತ್ತುವವರಾರು? ಅಂದೂ ರಜೆ ದೊರೆಯದೆ ಹೊಟೇಲಿನ ಒಲೆಯ ಮುಂದೆಯೇ ನಿಂತವರಾರು? ಕರೆಯೇ ಹೋಗದವರಾರು?

ಇವನ್ನು ಕೇಳುವುದರಿಂದ ಭಕ್ತಿಗೆ ಕುಂದಿಲ್ಲ. ಎಲೆ ಎತ್ತುವವನಿಗೂ ಮೊದಲ ಪಂಕ್ತಿಯಲ್ಲಿ ಒಂದು ಎಲೆ ಹಾಕಿದರೆ ಗಣಪತಿಯ ನೈವೇದ್ಯಕ್ಕೆ ಕೊರತೆಯಾಗದು.