ಚಿನ್ನಸ್ವಾಮಿಯವರು ಬಿಟ್ಟುಹೋದ ಆಸ್ತಿ

ಮಿಡಿಗೇಶಿ, ಮಧುಗಿರಿ, ಪಾವಗಡಗಳ ದುರ್ಗಗಳನ್ನು ನಿತ್ಯವೂ ಕಾಣುವ ನಮ್ಮ ವಾಚಕರಿಗೆ ಒಂದು ಮಾತನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ. ಕಟ್ಟಿಸಿದವರ ಕೀರ್ತಿಯನ್ನು ಕಲ್ಲು ಕೆಲಕಾಲ ಹೊರಬಲ್ಲದು. ಕಾಯ್ದು ನಡೆಸುವವರಿಲ್ಲವಾದರೆ ಉಳಿಯುವುದು ಬರಿಯ ಹೆಸರು ಮಾತ್ರ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ವಿಷಯದಲ್ಲಿಯೂ ನಾಡಿನ ಮಹಾಜನರು ಇದನ್ನು ಪರ್ಯಾಲೋಚಿಸಬೇಕಾದ ಕಾಲವು ಒದಗಿರುವುದು.

ದಿವಂಗತ ಎಂ. ಚಿನ್ನಸ್ವಾಮಿಯವರು (1900–1991) ವೃತ್ತಿಯಿಂದ ವಕೀಲರು. ಹಣ ಹೂಡಿ ತಂಡವನ್ನು ಕೊಂಡವರಲ್ಲ. ರಾಜ್ಯದ ಕ್ರಿಕೆಟ್ ಸಂಸ್ಥೆಗಾಗಿ ಅವರು ಸುಮಾರು ನಾಲ್ಕು ದಶಕಗಳ ಕಾಲ ದುಡಿದರು. 1977ರಿಂದ 1980ರವರೆಗೆ ಅಖಿಲ ಭಾರತ ಮಂಡಳಿಯ ಅಧ್ಯಕ್ಷಪದವಿಯನ್ನೂ ಅಲಂಕರಿಸಿದ್ದರು. ಹಿಂದೆ ಮೈಸೂರಿನ ಆಟಗಾರರು ಸೆಂಟ್ರಲ್ ಕಾಲೇಜಿನ ಮೈದಾನವನ್ನೇ ನೆಚ್ಚಬೇಕಾಗಿದ್ದಿತು. ಆ ಕೊರತೆಯನ್ನು ನೀಗಲು ಸರ್ಕಾರದವರಿಂದ ದೀರ್ಘಕಾಲದ ಗುತ್ತಿಗೆಗೆ ಭೂಮಿಯನ್ನು ಪಡೆದು, 1969ರಲ್ಲಿ ಶಂಕುಸ್ಥಾಪನೆ ಮಾಡಿಸಿ, ಕಟ್ಟಡವನ್ನು ಎಬ್ಬಿಸಲಾಯಿತು. 1974ರ ನವೆಂಬರಿನಲ್ಲಿ ವೆಸ್ಟ್ ಇಂಡೀಸ್ ತಂಡದೊಡನೆ ಅಲ್ಲಿ ಪ್ರಥಮ ಟೆಸ್ಟ್ ಪಂದ್ಯವು ನಡೆಯಿತು. ಅದೇ ವರ್ಷ ಪ್ರಸನ್ನರ ನಾಯಕತ್ವದಲ್ಲಿ ಕರ್ನಾಟಕವು, ಸತತವಾಗಿ ಹದಿನೈದು ಬಾರಿ ಗೆದ್ದಿದ್ದ ಮುಂಬಯಿಯನ್ನು ಹಿಮ್ಮೆಟ್ಟಿಸಿ, ರಣಜಿ ಪಾರಿತೋಷಕವನ್ನು ಮೊದಲ ಸಲ ತಂದಿತು. ಭದ್ರಾವತಿಯಲ್ಲಿ ಹುಟ್ಟಿದ ವಿಶ್ವನಾಥರು ಆ ತಂಡದ ಭೂಷಣವಾಗಿದ್ದರೆಂಬುದನ್ನು ನಮ್ಮ ಊರುಗಳ ಬಾಲಕರು ಮರೆಯಬಾರದು.

ಬಳಿಕ ಕಾಲವು ಬದಲಾಯಿತು. 2008ರಲ್ಲಿ ತಂಡಗಳನ್ನೇ ಹರಾಜಿಗಿಟ್ಟರು. ಬೆಂಗಳೂರಿನ ತಂಡವನ್ನು ವಿಜಯ್ ಮಲ್ಯರ ಸಂಸ್ಥೆಯವರು 11 ಕೋಟಿ 16 ಲಕ್ಷ ಡಾಲರುಗಳಿಗೆ ಪಡೆದರು. ತರುವಾಯ ಆ ಸಂಸ್ಥೆಯೇ ವಿದೇಶೀಯ ಮದ್ಯದ ಕಂಪನಿಯೊಂದರ ಅಧೀನವಾಯಿತು. ಇದರಿಂದ ಆಟಗಾರರಿಗೆ ಜೀವನಕ್ಕೊಂದು ದಾರಿಯಾದುದು ನಿಜ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ತಂಡವು ಮಾಲೀಕರದು, ಅಭಿಮಾನವು ಪ್ರಜೆಗಳದು ಎಂದಾದಾಗ ಹೊಣೆಯು ಯಾರದು?

ಈ ಪ್ರಶ್ನೆಗೆ ಭೀಕರವಾದ ಉತ್ತರವು 2025ರ ಜೂನ್ 4ರಂದು ದೊರೆಯಿತು. ಹದಿನೆಂಟನೆಯ ವರ್ಷದಲ್ಲಿ ದೊರೆತ ಗೆಲುವನ್ನು ಕೊಂಡಾಡಲು ಬಂದ ಜನರ ನೂಕುನುಗ್ಗಲಿನಲ್ಲಿ, ಅದೇ ಕ್ರೀಡಾಂಗಣದ ಬಾಗಿಲುಗಳ ಬಳಿ, ಹನ್ನೊಂದು ಮಂದಿ ಪ್ರಾಣವನ್ನು ಕಳೆದುಕೊಂಡರು. ಉತ್ಸವವನ್ನು ಏರ್ಪಡಿಸುವ ಅಧಿಕಾರವುಳ್ಳವರಿಗೆ ಬಂದವರನ್ನು ಸುರಕ್ಷಿತವಾಗಿ ಮನೆಗೆ ಕಳುಹಿಸುವ ಕರ್ತವ್ಯವೂ ಇದೆ. ಸಾರ್ವಜನಿಕರ ಭೂಮಿಯಲ್ಲಿ ನಿಂತ ಕಟ್ಟಡದಲ್ಲಿ ಪ್ರಜೆಯ ಪ್ರಾಣವು ಟಿಕೇಟಿನ ಬೆಲೆಗಿಂತ ಅಗ್ಗವಾಗಕೂಡದು.

ನಮ್ಮ ಜಿಲ್ಲೆಗೂ ಇದರಲ್ಲಿ ಪಾಠವುಂಟು. ತುಮಕೂರಿನ ಸಮೀಪ ಸೋರೆಕುಂಟೆಯಲ್ಲಿ ಅಂತರರಾಷ್ಟ್ರೀಯ ಕ್ರೀಡಾಂಗಣಕ್ಕೆ 2024ರಲ್ಲಿ ಅಸ್ತಿಭಾರವನ್ನು ಹಾಕಲಾಗಿದೆ. ಇದು ಸಂತೋಷದ ಸಂಗತಿ. ಆದರೆ ಬಾಗಿಲುಗಳ ಅಗಲ, ಜನರ ಸಂಚಾರ, ವೈದ್ಯಸಹಾಯ, ಇವುಗಳನ್ನು ನಕ್ಷೆಯಲ್ಲಿಯೇ ನಿಶ್ಚಯಿಸಬೇಕು. ಅನಾಹುತವಾದ ಬಳಿಕ ಸಮಿತಿಯನ್ನು ನೇಮಿಸಿ ಫಲವಿಲ್ಲ. ಮೇಲಾಗಿ, ವರ್ಷಕ್ಕೆ ಕೆಲವು ಪಂದ್ಯಗಳನ್ನು ನಡೆಯಿಸಿ ಉಳಿದ ದಿನ ಬೀಗ ಹಾಕುವುದಾದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಹುಡುಗರಿಗೆ ಅದರಿಂದ ಆಗುವ ಲಾಭವೇನು? ತಾಲ್ಲೂಕಿಗೊಂದು ಒಳ್ಳೆಯ ಮೈದಾನ, ಒಬ್ಬ ಯೋಗ್ಯ ಶಿಕ್ಷಕ, ಇಷ್ಟನ್ನು ಅಧಿಕಾರಿಗಳು ಮೊದಲು ಒದಗಿಸಲಿ.

ಚಿನ್ನಸ್ವಾಮಿಯವರು ಬಿಟ್ಟುಹೋದ ಆಸ್ತಿಯು ಇಟ್ಟಿಗೆ ಗಾರೆಗಳಲ್ಲ. ಆಟವು ನಾಡಿನ ಸೊತ್ತೆಂಬ ನಂಬಿಕೆ. ಅದನ್ನು ಉಳಿಸಿಕೊಳ್ಳದೆ ಅವರ ಹೆಸರನ್ನು ಮಾತ್ರ ಗೋಡೆಯ ಮೇಲೆ ಇರಿಸಿಕೊಳ್ಳುವುದು ಗೌರವವೆನಿಸದು.