ಮಕ್ಕಳ ಜಾತ್ರೆಗೆ ಕಾವಲಿರಲಿ

ಮಹಾಶಿವರಾತ್ರಿಯಂದು ಝರಾಸಂಗಂನ ಕೇತಕಿ ಸಂಗಮೇಶ್ವರನ ಜಾತ್ರೆಯನ್ನು ಕಂಡವರಿಗೆ ಅಲ್ಲಿಯ ಜನಸಂದಣಿಯನ್ನು ಬಣ್ಣಿಸಬೇಕಾಗಿಲ್ಲ. ಬೀದರ ಸೀಮೆಯಿಂದಲೂ ಮಹಾರಾಷ್ಟ್ರದಿಂದಲೂ ಭಕ್ತರು ಬಂದು ಸೇರುತ್ತಾರೆ. ಆ ಸಂದಣಿಯಲ್ಲಿ ಏಳೆಂಟು ವರ್ಷದ ಕೂಸಿನ ಕೈಯನ್ನು ಯಾವ ತಂದೆತಾಯಿಗಳೂ ಬಿಡುವುದಿಲ್ಲ. ಆದರೆ ಅದೇ ತಂದೆತಾಯಿಗಳು ಮನೆಗೆ ಮರಳಿದ ಮೇಲೆ, ಹಟ ಹಿಡಿದ ಕೂಸಿನ ಕೈಗೆ ಮೊಬೈಲನ್ನಿತ್ತು ತಮ್ಮ ಕೆಲಸಕ್ಕೆ ತೊಡಗುತ್ತಾರೆ. ಜಾತ್ರೆಗಿಂತ ಸಾವಿರ ಪಾಲು ದೊಡ್ಡದಾದ ಜಂಗುಳಿಯೊಳಗೆ ಮಗುವನ್ನು ಒಂಟಿಯಾಗಿ ಕಳುಹಿದೆವೆಂಬ ಅರಿವು ಅವರಿಗಿರುವುದಿಲ್ಲ.

ಅವರನ್ನಷ್ಟೇ ದೂಷಿಸಲು ನಮಗೆ ಅಧಿಕಾರವಿಲ್ಲ. ೨೦೨೦ರಲ್ಲಿ ಕೊರೋನಾ ಪಿಡುಗಿನಿಂದ ಶಾಲೆಗಳು ಮುಚ್ಚಿದಾಗ, ಸೆಪ್ಟೆಂಬರ್ ಒಂದರಿಂದ ತೆಲಂಗಾಣದಲ್ಲಿ ಪಾಠಗಳು ದೂರದರ್ಶನದ ಮೂಲಕವೂ ಟಿ-ಸ್ಯಾಟ್ ವಾಹಿನಿಯ ಮೂಲಕವೂ ನಡೆದವು. ಟಿ.ವಿ. ಇಲ್ಲದ ಮನೆಗಳವರಿಗೆ ಮೊಬೈಲನ್ನು ಒದಗಿಸಿಕೊಳ್ಳಿರೆಂದು ಹೇಳಿದವರು ನಾವೇ, ಅಧ್ಯಾಪಕರೇ. ಪಾಠ ಮುಗಿದು ಶಾಲೆ ತೆರೆಯಿತು. ಮೊಬೈಲು ಮಾತ್ರ ಮಕ್ಕಳ ಕೈಯಲ್ಲಿಯೇ ಉಳಿಯಿತು.

ಒಂದು ಪ್ರಸಂಗ

ಐದನೆಯ ತರಗತಿಯ ಬಾಲಕಿಯೊಬ್ಬಳು ಒಂದು ದಿನ ತಂದೆಯ ಮೊಬೈಲನ್ನು ತಂದು, "ಸರ್, ಇದರಾಗ ಏನ್ ಬರದಾರ ಓದಿ ಹೇಳ್ರಿ" ಎಂದಳು. ಮನೆಮಾತು ಕನ್ನಡವಾದರೂ ಅವಳು ಕಲಿತದ್ದು ತೆಲುಗು ಅಕ್ಷರ. ಕನ್ನಡ ಲಿಪಿ ಅವಳಿಗೆ ಬಾರದು. ೧೯೫೬ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ಜಹೀರಾಬಾದ್, ನಾರಾಯಣಖೇಡ್ ಪ್ರದೇಶಗಳು ಬೀದರ ಜಿಲ್ಲೆಯಿಂದಲೂ, ತಾಂಡೂರು ಗುಲಬರ್ಗಾ ಜಿಲ್ಲೆಯಿಂದಲೂ ಬೇರ್ಪಟ್ಟು ಆಂಧ್ರಪ್ರದೇಶಕ್ಕೆ ಸೇರಿದಂದಿನಿಂದ ನಮ್ಮ ಅನೇಕ ಮನೆಗಳ ಸ್ಥಿತಿ ಇದೇ ಆಗಿದೆ.

ಓದಿ ನೋಡಿದೆವು. ಬೀದರ ಕಡೆಯ ಅವಳದೇ ವಯಸ್ಸಿನ ಹುಡುಗಿಯೆಂದು ಹೇಳಿಕೊಂಡ ವ್ಯಕ್ತಿ ಬರೆದ ಸಂದೇಶವದು. ಮೊದಲು ಮಧುರವಾದ ಧ್ವನಿಸಂದೇಶಗಳು ಬಂದಿದ್ದವು. ಈಗಿನ ಬರಹದಲ್ಲಿ ಅವಳ ಭಾವಚಿತ್ರವನ್ನೂ, ತಂದೆ ಹೊಲಕ್ಕೆ ಹೋಗುವ ಹೊತ್ತನ್ನೂ ಕೇಳಲಾಗಿತ್ತು. ಮನೆಯಲ್ಲಿ ಯಾರಿಗೂ ಹೇಳಬಾರದೆಂಬ ಸೂಚನೆಯೂ ಇತ್ತು. ಬರೆದದ್ದು ಮಗುವಲ್ಲವೆಂಬುದು ಸ್ಪಷ್ಟವಾಗಿತ್ತು. ಖಾತೆಯನ್ನು ತೆರೆಯುವಾಗ ನಮ್ಮ ಬಾಲಕಿಯೂ ಅಣ್ಣನ ಮಾತು ಕೇಳಿ ಇಪ್ಪತ್ತು ವರ್ಷವೆಂದು ವಯಸ್ಸು ಬರೆದಿದ್ದಳು.

ಗಾಬರಿಯಲ್ಲಿ ನಾವು ಮಾಡಿದ ಮೊದಲ ಕೆಲಸ ಅವಳನ್ನು ಗದರಿಸಿದ್ದು. ಅದು ತಪ್ಪಾಯಿತು. ಒಂದು ವಾರ ಅವಳು ನಮ್ಮತ್ತ ಕಣ್ಣೆತ್ತಿ ನೋಡಲಿಲ್ಲ. ತಾನಾಗಿಯೇ ಹಿರಿಯರ ಬಳಿಗೆ ಬಂದ ಮಗುವಿಗೆ ಶಿಕ್ಷೆಯಾದರೆ, ಮುಂದಿನ ಮಗು ಬರುವುದೇ ಇಲ್ಲ. ಬಳಿಕ ತಂದೆಯನ್ನು ಕರೆಸಿ, ಸಂದೇಶಗಳನ್ನು ಅಳಿಸದೆ ಸಾಕ್ಷ್ಯವಾಗಿ ಇರಿಸಿಕೊಂಡು, ಆ ಖಾತೆಯ ಸಂಪರ್ಕವನ್ನು ತಡೆದು, ದೂರು ಕೊಡಿಸಿದೆವು. ಮಕ್ಕಳ ಸಹಾಯವಾಣಿ ೧೦೯೮ನ್ನೂ ಸೈಬರ್ ಅಪರಾಧಗಳ ಸಹಾಯವಾಣಿ ೧೯೩೦ನ್ನೂ ಪ್ರತಿಯೊಂದು ಮನೆಯ ಗೋಡೆಯ ಮೇಲೆ ಬರೆದಿಡುವುದು ಲೇಸು.

ಆದರೆ ನಮ್ಮನ್ನು ಕಾಡಿದ ಪ್ರಶ್ನೆ ಬೇರೆ. "ಆಕಿ ನನ್ನ ಕೂಡ ನಮ್ಮ ಮಾತಿನ್ಯಾಗ ಮಾತಾಡ್ತಿದ್ಳು ಸರ್" ಎಂದಿದ್ದಳು ಬಾಲಕಿ. ತನ್ನ ನುಡಿಯ ಗೆಳತಿಗಾಗಿ ಹಂಬಲಿಸುವುದು ಅಪರಾಧವೇ? ಆ ಹಂಬಲಕ್ಕೆ ಯೋಗ್ಯವಾದ ತಾಣವನ್ನು ನಾವು ಕಟ್ಟಿಕೊಡದಿದ್ದುದರಿಂದಲೇ ಅಲ್ಲವೆ ಅವಳು ಅಯೋಗ್ಯ ತಾಣಕ್ಕೆ ಹೋದದ್ದು?

ಹೊರಗಿನ ಪ್ರಯೋಗಗಳು

ಎಳೆಯರಿಗಾಗಿಯೇ ಕಾವಲುಳ್ಳ ಜಾಲತಾಣಗಳನ್ನು ಕಟ್ಟುವ ಪ್ರಯತ್ನ ಹೊಸತಲ್ಲ. ೨೦೦೫ರಲ್ಲಿ ಕೆನಡಾದಲ್ಲಿ ಆರಂಭವಾದ ‘ಕ್ಲಬ್ ಪೆಂಗ್ವಿನ್’ ಎಂಬ ತಾಣದಲ್ಲಿ ಮಕ್ಕಳು ಪೆಂಗ್ವಿನ್ ಹಕ್ಕಿಗಳ ರೂಪದಲ್ಲಿ ಆಡುತ್ತ ಹರಟುತ್ತಿದ್ದರು. ಪಾಲಕರು ಬಯಸಿದರೆ ಮಗುವು ಮೊದಲೇ ಸಿದ್ಧಪಡಿಸಿದ ವಾಕ್ಯಗಳಲ್ಲಿ ಆರಿಸಿಕೊಂಡು ಮಾತ್ರ ಮಾತನಾಡಬಹುದಾಗಿತ್ತು. ದುರ್ವರ್ತನೆ ತೋರಿದವರನ್ನು ಹೊರಗಿಡಲು ಮೇಲ್ವಿಚಾರಕರಿದ್ದರು. ೨೦೦೭ರಲ್ಲಿ ಡಿಸ್ನಿ ಸಂಸ್ಥೆ ಅದನ್ನು ಕೊಂಡಿತು. ೨೦೧೭ರಲ್ಲಿ ತಾಣ ಮುಚ್ಚಿತು.

ಅದೇ ವರ್ಷದ ಡಿಸೆಂಬರಿನಲ್ಲಿ ಫೇಸ್‌ಬುಕ್ ಸಂಸ್ಥೆ ಅಮೆರಿಕೆಯಲ್ಲಿ ‘ಮೆಸೆಂಜರ್ ಕಿಡ್ಸ್’ ತಂದಿತು. ಪಾಲಕರು ಒಪ್ಪಿದವರೊಡನೆ ಮಾತ್ರ ಮಗು ಮಾತನಾಡಬೇಕೆಂಬುದು ಅದರ ನಿಯಮ. ಆದರೂ ಗುಂಪು ಸಂಭಾಷಣೆಗಳಲ್ಲಿ ಗೆಳೆಯನ ಗೆಳೆಯನೆಂಬ ದಾರಿಯಿಂದ, ಪಾಲಕರು ಒಪ್ಪದವರೂ ಒಳಸೇರುವ ದೋಷ ೨೦೧೯ರಲ್ಲಿ ಬೆಳಕಿಗೆ ಬಂದಿತು. ಬೇಲಿ ಹಾಕಿದೆವೆಂದು ನಿದ್ರೆ ಹೋಗಲಾಗದೆಂಬುದೇ ಇದರ ಪಾಠ.

ಕಾನೂನುಗಳೂ ಬಂದಿವೆ. ನಮ್ಮ ದೇಶದ ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಹದಿನೆಂಟು ತುಂಬದವರನ್ನೆಲ್ಲ ಮಕ್ಕಳೆಂದು ಎಣಿಸಿ, ಅವರ ವಿವರಗಳನ್ನು ಬಳಸಲು ಪಾಲಕರ ದೃಢಪಟ್ಟ ಒಪ್ಪಿಗೆ ಬೇಕೆನ್ನುತ್ತದೆ. ಮಕ್ಕಳ ಬೆನ್ನುಹತ್ತಿ ಜಾಹೀರಾತು ತೋರಿಸುವುದನ್ನು ನಿಷೇಧಿಸುತ್ತದೆ. ಅದರ ನಿಯಮಗಳು ೨೦೨೫ರ ನವೆಂಬರಿನಲ್ಲಿ ಪ್ರಕಟವಾಗಿ, ಹಂತಹಂತವಾಗಿ ಜಾರಿಗೆ ಬರತಕ್ಕವಾಗಿವೆ. ಆಸ್ಟ್ರೇಲಿಯವು ೨೦೨೫ರ ಡಿಸೆಂಬರ್ ೧೦ರಿಂದ, ಹದಿನಾರರೊಳಗಿನವರು ಪ್ರಮುಖ ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಹೊಂದದಂತೆ ಮಾಡಿದೆ. ಇವೆಲ್ಲ ಹೆಬ್ಬಾಗಿಲ ಕಾವಲು. ಒಳಗೆ ಕೂತು ಮಾತು ಕೇಳಿಸಿಕೊಳ್ಳುವವರು ಯಾರು?

ನೆರೆಯ ಮಾಚನೂರಿನ ಮಾದರಿ

ಇದಕ್ಕೆ ಉತ್ತರದ ಒಂದು ಎಳೆ ಝರಾಸಂಗಂ ಮಂಡಲದ ಮಾಚನೂರಿನಲ್ಲಿಯೇ ಇದೆ. ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳಾ ಸಂಘಗಳ ‘ಸಂಘಂ ರೇಡಿಯೊ’ ೨೦೦೮ರ ಅಕ್ಟೋಬರ್ ೧೫ರಂದು ಅಲ್ಲಿಂದ ಅಧಿಕೃತವಾಗಿ ಪ್ರಸಾರ ಆರಂಭಿಸಿತು. ಜನರಲ್ ನರ್ಸಮ್ಮ, ಆಲ್ಗೋಲ್ ನರ್ಸಮ್ಮ ಮೊದಲಾದ ದಲಿತ ಮಹಿಳೆಯರೇ ಊರೂರು ತಿರುಗಿ ಧ್ವನಿ ಮುದ್ರಿಸಿಕೊಂಡು ಕಾರ್ಯಕ್ರಮ ರೂಪಿಸಿದರು. ಅಲ್ಲಿ ಮಾತನಾಡುವವರು ಯಾವ ಊರಿನವರೆಂಬುದು ಗೊತ್ತು. ಮಾತು ಗಾಳಿಗೇರುವ ಮೊದಲು ಅದನ್ನು ಕೇಳುವ ಕಿವಿಯೊಂದಿರುತ್ತದೆ. ಆ ಕಿವಿಗೆ ಈ ನೆಲದ ನುಡಿ ತಿಳಿದಿರುತ್ತದೆ.

ಮೂರನೆಯ ಮಾತು ನಮಗೆ ಅತಿಮುಖ್ಯ. ನಮ್ಮ ಮಕ್ಕಳು ಕನ್ನಡ, ತೆಲುಗು, ದಖನಿ ಉರ್ದು, ಲಂಬಾಣಿಗಳನ್ನು ಒಂದೇ ಉಸಿರಿನಲ್ಲಿ ಬೆರೆಸುತ್ತಾರೆ. ಕನ್ನಡವನ್ನು ತೆಲುಗು ಅಕ್ಷರದಲ್ಲಿ ಬರೆಯುತ್ತಾರೆ. ಇಂತಹ ಬೆರಕೆ ಮಾತಿನ ಬೈಗುಳವಾಗಲಿ, ಬೆಣ್ಣೆಯಂತಹ ವಂಚನೆಯಾಗಲಿ ಯಂತ್ರದ ಜರಡಿಯಿಂದ ಸುಲಭವಾಗಿ ಜಾರಬಲ್ಲದು. ಬಲ್ಲ ಮನುಷ್ಯರೇ ಕಾವಲಿಗೆ ಬೇಕು.

ಆದುದರಿಂದ ಪಾಲಕರು ಯಾವುದೇ ತಾಣಕ್ಕೆ ಮಗುವನ್ನು ಸೇರಿಸುವ ಮುನ್ನ ಕೆಲವು ಪ್ರಶ್ನೆಗಳನ್ನು ಕೇಳಬೇಕು. ಅಪರಿಚಿತರು ಮಗುವಿಗೆ ಸಂದೇಶ ಕಳುಹಬಹುದೆ? ಸ್ನೇಹಿತರನ್ನು ಒಪ್ಪುವ ಅಧಿಕಾರ ಪಾಲಕರಿಗಿದೆಯೆ? ಊರು, ಶಾಲೆ, ಭಾವಚಿತ್ರಗಳನ್ನು ಮರೆಮಾಡಬಹುದೆ? ದೂರಿತ್ತರೆ ಮನುಷ್ಯರು ನೋಡುವರೆ? ಅವರಿಗೆ ನಮ್ಮ ಭಾಷೆ ಬರುವುದೆ? ಸಮಾಧಾನಕರ ಉತ್ತರ ದೊರೆಯದಿದ್ದರೆ ಸೇರಿಸದಿರುವುದೇ ಕ್ಷೇಮ. ವಯಸ್ಸಿನ ಬಗ್ಗೆ ಸುಳ್ಳು ಬರೆಯುವುದನ್ನಂತೂ ಮಗುವಿಗೆ ನಾವೇ ಕಲಿಸಬಾರದು.

ನಮ್ಮ ಶಾಲೆಯಲ್ಲಿ ಈಗ ಸಣ್ಣದೊಂದು ಏರ್ಪಾಡು ಮಾಡಿದ್ದೇವೆ. ಗಡಿಯಾಚೆಯ ಒಂದು ಶಾಲೆಯ ಮಕ್ಕಳಿಗೆ ನಮ್ಮ ಮಕ್ಕಳು ಪ್ರತಿ ಶನಿವಾರ ಧ್ವನಿಸಂದೇಶ ಕಳುಹುತ್ತಾರೆ. ಎರಡೂ ಕಡೆ ಅಧ್ಯಾಪಕರ ಮೊಬೈಲು ಮಾತ್ರ. ಮೊದಲು ನಾವು ಕೇಳಿ, ಅನಂತರ ತರಗತಿಗೆ ಕೇಳಿಸುತ್ತೇವೆ. ಕನ್ನಡ ಅಕ್ಷರಗಳನ್ನೂ ಇದರ ನೆಪದಲ್ಲಿಯೇ ಕಲಿಸತೊಡಗಿದ್ದೇವೆ. ಮೊದಲ ಶನಿವಾರ ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಎದ್ದು ಬಂದವಳು ಆ ಬಾಲಕಿಯೇ. "ನಿಮ್ಮೂರಾಗ ಮಳಿ ಆಯ್ತೇನು?" ಎಂದಿಷ್ಟೇ ಕೇಳಿ ಓಡಿಹೋಗಿ ತನ್ನ ಸ್ಥಳದಲ್ಲಿ ಕುಳಿತಳು. ಮುಂದಿನ ಶನಿವಾರ ಆ ಕಡೆಯಿಂದ ಹನ್ನೊಂದು ಮಕ್ಕಳು ಮಳೆಯ ಸುದ್ದಿ ಕಳುಹಿದ್ದರು.

ಮಕ್ಕಳಿಗೆ ಜಾತ್ರೆಯೇ ಬೇಡವೆನ್ನುವುದು ನಮ್ಮ ಅಭಿಪ್ರಾಯವಲ್ಲ. ಕೈ ಹಿಡಿದು ಕರೆದೊಯ್ಯುವ ಹಿರಿಯರು ಬೇಕೆಂಬುದಷ್ಟೇ ನಮ್ಮ ವಿನಂತಿ.