ಹಾಡು ಬರೆಯದಿದ್ದರೆ ಬಾಗಿಲು ತೆಗೆಯಲ್ಲ!

ರೋಲಿಂಗ್ ಸ್ಟೋನ್ಸ್‌ನ ಮಿಕ್ ಜಾಗರ್, ಕೀತ್ ರಿಚರ್ಡ್ಸ್ ಹಾಡು ಬರೆಯಲು ಕೂತಿದ್ದು ಮ್ಯಾನೇಜರನ ಕಾಟ ತಡೆಯಲಾರದೆ. 1962ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಈ ಬ್ಯಾಂಡಿಗೆ ಅಮೆರಿಕದ ಬ್ಲೂಸ್ ಹಾಡುಗಳೇ ಬಂಡವಾಳ. ಬ್ಯಾಂಡಿನ ಹೆಸರೂ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್‌ನ ಹಾಡೊಂದರಿಂದ ಎತ್ತಿಕೊಂಡದ್ದು. ಆದರೆ ಹತ್ತೊಂಬತ್ತರ ಹುಡುಗ ಆಂಡ್ರೂ ಲೂಗ್ ಓಲ್ಡಮ್ ಮ್ಯಾನೇಜರ್ ಆಗಿ ಬಂದವನೇ ಲೆಕ್ಕ ಹಾಕಿದ. ಚಕ್ ಬೆರ್ರಿಯ ಹಾಡನ್ನು ಎಷ್ಟು ಚೆನ್ನಾಗಿ ಹಾಡಿದರೂ ಬರೆದವನ ರಾಯಲ್ಟಿ ಬೆರ್ರಿಯ ಜೇಬಿಗೇ. ಸಾಲದ್ದಕ್ಕೆ, ಹಿಟ್ ಆಗಬಲ್ಲ ಹಳೆಯ ಹಾಡುಗಳು ಎಷ್ಟು ದಿನ ಸಿಕ್ಕಾವು?

ಇಬ್ಬರನ್ನೂ ಅಡುಗೆಮನೆಗೆ ತಳ್ಳಿ, ಹಾಡು ಬರೆದರಷ್ಟೇ ಬಾಗಿಲು ತೆಗೆಯುತ್ತೇನೆ ಎಂದನಂತೆ. ರಿಚರ್ಡ್ಸ್ ಇದನ್ನು ರಸವತ್ತಾಗಿ ಹೇಳುತ್ತಾನೆ. ಬೀಗದ ಮಾತನ್ನು ಮಾತ್ರ ಜಾಗರ್ ಒಪ್ಪುವುದಿಲ್ಲ.

1963ರಲ್ಲಿ ಬೀಟಲ್ಸ್‌ನ ಲೆನನ್ ಮತ್ತು ಮೆಕಾರ್ಟ್ನಿ ಸ್ಟೋನ್ಸ್ ತಾಲೀಮಿಗೆ ಬಂದು, ಅರ್ಧಕ್ಕೆ ನಿಂತಿದ್ದ ಹಾಡೊಂದನ್ನು ಅಲ್ಲೇ ಮೂಲೆಯಲ್ಲಿ ಕೂತು ಮುಗಿಸಿ ಕೊಟ್ಟುಹೋದರು. ಹಾಡು ಕಟ್ಟುವುದು ದೈವದತ್ತವೇನಲ್ಲ, ಕೂತು ಮಾಡುವ ಕೆಲಸ ಎಂಬುದು ಇವರಿಗೆ ಕಣ್ಣೆದುರೇ ಗೊತ್ತಾಯಿತು. ಆದರೂ ಕೈ ಪಳಗಲು ಹೊತ್ತು ಹಿಡಿಯಿತು. 1964ರ ಮೊದಲ ಆಲ್ಬಮ್ಮಿನ 12 ಹಾಡುಗಳಲ್ಲಿ ಜಾಗರ್-ರಿಚರ್ಡ್ಸ್ ಹೆಸರಿನದು ಒಂದೇ ಒಂದು. ಆರಂಭದಲ್ಲಿ ಬರೆದವು ಬರೀ ಮೆತ್ತಗಿನ ಹಾಡುಗಳು. ಒರಟು ಬ್ಲೂಸ್ ಬ್ಯಾಂಡಿಗೆ ಒಗ್ಗದ ಅವು ಮೇರಿಯನ್ ಫೇತ್‌ಫುಲ್‌ಳಂಥ ಬೇರೆ ಗಾಯಕರ ಪಾಲಾದವು.

1965ರಲ್ಲಿ ‘ದಿ ಲಾಸ್ಟ್ ಟೈಮ್’ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು. ಸ್ವಂತದ್ದೆಂಬ ಈ ಹಾಡಿನ ಪಲ್ಲವಿಯೂ ಸ್ಟೇಪಲ್ ಸಿಂಗರ್ಸ್ ಹಾಡಿದ್ದ ಭಕ್ತಿಗೀತೆಯಿಂದ ಬಂದದ್ದೇ! ಅದೇ ವರ್ಷ ‘ಸ್ಯಾಟಿಸ್‌ಫ್ಯಾಕ್ಷನ್’. ಅದರ ರಿಫ್, ಅಂದರೆ ಮತ್ತೆ ಮತ್ತೆ ಬರುವ ಗಿಟಾರ್ ತುಣುಕು, ರಿಚರ್ಡ್ಸ್‌ಗೆ ಹೊಳೆದದ್ದು ನಿದ್ದೆಗಣ್ಣಿನಲ್ಲಿ. ಹಾಗೇ ಟೇಪಿಗಿಳಿಸಿ ಮಲಗಿದ; ಬೆಳಿಗ್ಗೆ ಆ ಟೇಪ್ ಹಾಕಿದರೆ ಸ್ವಲ್ಪ ಗಿಟಾರ್, ಉಳಿದದ್ದೆಲ್ಲ ಗೊರಕೆ ಎಂದು ಅವನೇ ಹೇಳಿಕೊಂಡಿದ್ದಾನೆ. ಗಿಟಾರಿನ ಆ ಗೊರಗೊರ ಸದ್ದು, ನಾದವನ್ನು ಒರಟಾಗಿಸುವ ಫಜ್ ಪೆಡಲಿನದು. ಅಲ್ಲಿ ಮುಂದೆ ಸ್ಯಾಕ್ಸೊಫೋನ್, ಟ್ರಂಪೆಟ್ ಬರಲಿ, ಸದ್ಯಕ್ಕೆ ಇದಿರಲಿ ಎಂದು ನುಡಿಸಿದ್ದೇ ಲೋಕಪ್ರಸಿದ್ಧವಾಯಿತು. ಮರುವರ್ಷದ ‘ಆಫ್ಟರ್‌ಮ್ಯಾತ್’ ಪೂರ್ತಿ ಇವರಿಬ್ಬರದೇ ರಚನೆ.

ಇದಕ್ಕೆ ತೆತ್ತ ಬೆಲೆಯೂ ಇದೆ. ಬ್ಯಾಂಡ್ ಕಟ್ಟಿದವನು ಬ್ರಯಾನ್ ಜೋನ್ಸ್. ಯಾವ ವಾದ್ಯ ಕೊಟ್ಟರೂ ನುಡಿಸಬಲ್ಲವ, ಅಪ್ಪಟ ಬ್ಲೂಸ್ ಭಕ್ತ. ಹಾಡು ಬರೆಯುವುದು ಮಾತ್ರ ಅವನಿಗೆ ಒಲಿಯಲಿಲ್ಲ. ಕವರ್, ಅಂದರೆ ಬೇರೆಯವರ ಹಾಡು, ಹಾಡುವಷ್ಟು ದಿನ ನಾಯಕನಾಗಿದ್ದವನು, ಬರೆಯುವವರ ಕಾಲ ಬಂದಾಗ ಬದಿಗೆ ಸರಿದ. 1969ರ ಜೂನ್‌ನಲ್ಲಿ ಬ್ಯಾಂಡ್ ಬಿಟ್ಟ; ಜುಲೈನಲ್ಲಿ ತೀರಿಕೊಂಡ. ಅವನ ಅವನತಿಗೆ ಮಾದಕವಸ್ತುವನ್ನಷ್ಟೇ ದೂರುವವರು, ಬರೆಯಲಾರದೆ ಅವನು ಬದಿಗೆ ಸರಿದದ್ದನ್ನು ಮರೆಯುತ್ತಾರೆ.

2003ರ ಏಪ್ರಿಲ್‌ನಲ್ಲಿ ಸ್ಟೋನ್ಸ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬರುವ ಹೊತ್ತಿಗೆ ನಮ್ಮ ಕಾಲೇಜು ಬ್ಯಾಂಡುಗಳಿಗೆ ಇವರ ಹಾಡುಗಳೇ ಕವರ್ ಆಗಿದ್ದವು. 2016ರಲ್ಲಿ, ಎಪ್ಪತ್ತು ದಾಟಿದ ಜಾಗರ್ ಮತ್ತು ರಿಚರ್ಡ್ಸ್ ಸ್ವಂತದ್ದು ಒಂದೂ ಇಲ್ಲದ ‘ಬ್ಲೂ ಆ್ಯಂಡ್ ಲೋನ್ಸಮ್’ ತಂದರು. ಎಲ್ಲವೂ ಹಳೆಯ ಬ್ಲೂಸ್. ಮೂರೇ ದಿನದಲ್ಲಿ ರೆಕಾರ್ಡ್ ಮಾಡಿದ ಅದನ್ನು ‘ಆಫ್ಟರ್‌ಮ್ಯಾತ್’ ಜೊತೆಗಿಟ್ಟು ಒಮ್ಮೆ ಕೇಳಿ ನೋಡಿ.